ಸೀರೆ ಉಡುವಷ್ಟು ಎತ್ತರ

ಬ್ಯಾಂಕಿನಲ್ಲಿ 37 ವರ್ಷ ಗುಮಾಸ್ತನಾಗಿದ್ದವನು ಬಡಗಿ ಕೆಲಸದ ಬಗ್ಗೆ ಬರೆಯಲು ಹೊರಟರೆ ನಮ್ಮ ಬೀದಿಯವರೇ ನಗುತ್ತಾರೆ. ನಗಲಿ ಬಿಡಿ. ನಾನು ಓದಿದ್ದು ಬಿ.ಕಾಂ., ಜೀವಮಾನವೆಲ್ಲ ಕೈಯಲ್ಲಿ ಹಿಡಿದದ್ದು ಪೆನ್ನು ಮತ್ತು ರೂಲುದೊಣ್ಣೆ. ಆದರೂ ಹೋದ ವರ್ಷ ಅಮೆರಿಕದ ಕೊಲರಾಡೋ ರಾಜ್ಯದಲ್ಲಿರುವ ಮಗಳ ಮನೆಯ ಗ್ಯಾರೇಜಿನಲ್ಲಿ ನಾನು, ಅಳಿಯಂದಿರು, ಹನ್ನೊಂದು ವರ್ಷದ ಮೊಮ್ಮಗಳು ಸೇರಿ ಒಂದು ಪುಟ್ಟ ಮನೆ ಕಟ್ಟಿದೆವು. ನಾಲ್ಕು ಗೋಡೆ, ಒಂದು ಬಾಗಿಲು, ಎರಡು ಕಿಟಕಿ, ಬೇಕೆಂದಾಗ ಮೇಲೇಳುವ ಸೂರು. ಅಡಿಪಾಯ ಮಾತ್ರ ಇಲ್ಲ, ಏಕೆಂದರೆ ಅದು ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಕೂರುವ ಮನೆ.

ಮಕ್ಕಳೇ, ನಮ್ಮಲ್ಲಿ ತರಕಾರಿ, ಸಿಮೆಂಟು ಸಾಗಿಸುವ ಪಿಕಪ್ ನೋಡಿದ್ದೀರಲ್ಲ? ಅಮೆರಿಕದಲ್ಲಿ ಅದಕ್ಕಿಂತ ದೊಡ್ಡ ಪಿಕಪ್‌ಗಳನ್ನು ಮನೆಮಂದಿಯೇ ಕಾರಿನ ಹಾಗೆ ಓಡಿಸುತ್ತಾರೆ. ಮುಂದೆ ಐದು ಜನ ಕೂರುವ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ. ಆ ತೊಟ್ಟಿಯೊಳಗೆ ಇಳಿಸಿ ಕಟ್ಟುವ, ಮಲಗಲು ಅನುಕೂಲವಿರುವ ಪೆಟ್ಟಿಗೆಗೆ ಕ್ಯಾಂಪರ್ ಎನ್ನುತ್ತಾರೆ. ಪೆಟ್ಟಿಗೆ ಎತ್ತರವಾದರೆ ಗಾಳಿಗೆ ಎದೆಯೊಡ್ಡಿ ನಿಲ್ಲುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ತಿರುವಿನಲ್ಲಿ ಓಲಾಡುತ್ತದೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ ಎಂಬುದು ನಿಮ್ಮ ವಿಜ್ಞಾನದ ಮೇಷ್ಟರಿಗೆ ಗೊತ್ತು. ಪೆಟ್ಟಿಗೆ ತಗ್ಗಾದರೆ ಒಳಗೆ ನಿಲ್ಲಲಾಗದು, ಕುಕ್ಕರಗಾಲಲ್ಲಿ ಕೂರಬೇಕು. ಈ ಎರಡರ ಜಗಳ ಬಿಡಿಸಲು ಹುಟ್ಟಿದ್ದೇ ಪಾಪ್-ಟಾಪ್. ಓಡುವಾಗ ಸೂರು ಕೆಳಗೆ, ನಿಂತಾಗ ಮೇಲೆ. ನಡುವೆ ಡೇರೆ ಬಟ್ಟೆಯ ಗೋಡೆ.

ನಮಗೇಕೆ ಬೇಕಾಯಿತು ಇದು? ನನ್ನ ಹೆಂಡತಿಯ ಎರಡೂ ಮೊಣಕಾಲಿಗೆ ನಾಲ್ಕು ವರ್ಷದ ಹಿಂದೆ ಶಸ್ತ್ರಚಿಕಿತ್ಸೆಯಾಗಿ ಹೊಸ ಕೀಲು ಬಂದಿದೆ. ನಡೆಯುತ್ತಾಳೆ, ಮೆಟ್ಟಿಲೂ ಹತ್ತುತ್ತಾಳೆ, ಆದರೆ ನೆಲದ ಮೇಲೆ ಕೂತರೆ ಏಳಲು ಇಬ್ಬರು ಬೇಕು. ಅಳಿಯಂದಿರಿಗೋ ಬೇಸಿಗೆ ಬಂದರೆ ಡೇರೆ ಹೊತ್ತು ಬೆಟ್ಟ ಕಾಡು ಸೇರುವ ಹುಚ್ಚು. ನಾವು ಹೋದ ಹೊಸದರಲ್ಲಿ ಎಲ್ಲರೂ ಹೊರಡುವ ಮಾತು ಬಂತು. ಹೆಂಡತಿ ಎಂದಿನಂತೆ, "ನೀವು ಹೋಗ್ಬನ್ನಿ, ನಾನು ಮನೇಲಿರ್ತೀನಿ" ಎಂದಳು.

ಈ ಮಾತು ನಾನು ಐವತ್ತು ವರ್ಷದಿಂದ ಕೇಳಿದ್ದೇನೆ. ಬ್ಯಾಂಕಿನವರಿಗೆ ಪ್ರವಾಸದ ಭತ್ಯೆ ಇರುತ್ತಿತ್ತು. ನಮ್ಮ ತಾಯಿ ಹಾಸಿಗೆ ಹಿಡಿದಿದ್ದರಿಂದ ಅವಳು ಮನೆಯಲ್ಲೇ ಉಳಿದಳು, ಮಕ್ಕಳನ್ನು ಕರೆದುಕೊಂಡು ನಾನು ಹೋಗಿಬಂದೆ. ಆಮೇಲೆ ಮಕ್ಕಳ ಪರೀಕ್ಷೆ, ಆಮೇಲೆ ಬಾಣಂತನ, ಆಮೇಲೆ ಮೊಣಕಾಲು. ಪ್ರತಿ ಸಲವೂ ಕಾರಣ ನ್ಯಾಯವಾದದ್ದೇ. ಆದರೆ ಈ ಸಲ ಮೊಮ್ಮಗಳು ತನ್ನ ಮುರುಕು ಕನ್ನಡದಲ್ಲಿ, "ಅಜ್ಜಿ ಬರಲ್ಲ ಅಂದ್ರೆ ನಾನೂ ಬರಲ್ಲ" ಎಂದು ಕೈಕಟ್ಟಿ ಕೂತುಬಿಟ್ಟಳು. ಅಳಿಯಂದಿರು ಯೋಚಿಸಿ, "ಅತ್ತೆ, ನೆಲದ ಮೇಲೆ ಮಲಗೋದು ಬೇಡ, ಮಂಚ ಇರುತ್ತೆ, ಬಾಗಿಲು ಇರುತ್ತೆ. ಇನ್ನೇನು ಬೇಕು ಹೇಳಿ" ಎಂದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೀರೆ ಉಡೋಕೆ ನೆಟ್ಟಗೆ ನಿಂತ್ಕೋಬೇಕು. ಅಷ್ಟಿದ್ರೆ ಬರ್ತೀನಿ" ಎಂದಳು.

ಅಂಗಡಿಯಲ್ಲಿ ಸಿಗುವ ಪಾಪ್-ಟಾಪ್ ಕ್ಯಾಂಪರಿನ ಬೆಲೆ ಕೇಳಿದರೆ ನನ್ನ ಪಿಂಚಣಿ ಪುಸ್ತಕ ತಾನಾಗಿ ಮುಚ್ಚಿಕೊಳ್ಳುತ್ತದೆ. ಅಳಿಯಂದಿರು ಕಂಪ್ಯೂಟರ್ ಕೆಲಸದವರಾದರೂ ಕೈಯಲ್ಲಿ ಗರಗಸ ಹಿಡಿಯಬಲ್ಲವರು. ನಾವೇ ಮಾಡೋಣ ಎಂದಾಯಿತು.

ಮೊದಲು ಹಿಡಿದದ್ದು ಗರಗಸವಲ್ಲ, ಅಳತೆ ಟೇಪು. ಹೆಂಡತಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆವು. ಎತ್ತರ 152 ಸೆಂ.ಮೀ. ಸೆರಗು ಹೆಗಲ ಮೇಲೆ ಎಸೆಯುವಾಗ ಕೈ ಎಷ್ಟು ಮೇಲೆ ಹೋಗುತ್ತದೆಂದು ಮೊಮ್ಮಗಳು ಪೆನ್ಸಿಲಿನಲ್ಲಿ ಗುರುತು ಹಾಕಿದಳು. 185. ಹಾಗಾಗಿ ಸೂರು ಎತ್ತಿದಾಗ ಒಳಗೆ 190, ಇಳಿಸಿದಾಗ 130 ಎಂದು ನಿಶ್ಚಯವಾಯಿತು. ಇಳಿಸಿದರೆ ಕ್ಯಾಬಿನ್ನಿಗಿಂತ ಒಂದಡಿಯಷ್ಟೇ ಎತ್ತರ.

ಎರಡನೆಯ ಕೆಲಸ ನನ್ನದು. ಅಲ್ಲಿನ ವಾಹನಗಳಲ್ಲಿ ಚಾಲಕನ ಬಾಗಿಲು ತೆರೆದರೆ ಚೌಕಟ್ಟಿಗೆ ಒಂದು ಚೀಟಿ ಅಂಟಿಸಿರುತ್ತದೆ: ಜನ, ಸಾಮಾನು ಎಲ್ಲ ಸೇರಿ ಇಷ್ಟು ತೂಕ ಮೀರಬಾರದು ಎಂದು. ನಮ್ಮ ಟ್ರಕ್ಕಿನ ಚೀಟಿಯಲ್ಲಿ 1,512 ಪೌಂಡ್, ಅಂದರೆ 686 ಕೆ.ಜಿ. 'ಜನ ಸೇರಿ' ಎಂಬುದನ್ನು ಬಹಳ ಮಂದಿ ಓದುವುದೇ ಇಲ್ಲವಂತೆ. ನಾನು 200 ಪುಟದ ಒಂದು ನೋಟ್‌ಪುಸ್ತಕ ತೆಗೆದುಕೊಂಡು ಎಡಕ್ಕೆ ಜಮಾ, ಬಲಕ್ಕೆ ಖರ್ಚು ಎಂದು ಗೆರೆ ಎಳೆದೆ. ಜಮಾ 686. ಖರ್ಚಿನ ಮೊದಲ ಸಾಲು ನಾವೇ: ಅಳಿಯಂದಿರು 79, ಮಗಳು 62, ನಾನು 61, ಮೊಮ್ಮಗಳು 35. ಹೆಂಡತಿ ಅಳಿಯನ ಎದುರು ತಕ್ಕಡಿ ಹತ್ತಲು ಒಪ್ಪಲಿಲ್ಲ. "ಒಂದು ಅರವತ್ತು ಬರ್ಕೊಳ್ಳಿ" ಎಂದಳು. ಮಗಳು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ ತೂಗಿ, 64 ಎಂದು ಚೀಟಿಯಲ್ಲಿ ಬರೆದು ತಂದಳು. ಒಟ್ಟು 301. ಉಳಿದದ್ದು 385. ಅಷ್ಟರಲ್ಲಿ ಮನೆ, ನೀರು, ಹಾಸಿಗೆ, ಅಡುಗೆ ಸಾಮಾನು ಎಲ್ಲ ಮುಗಿಯಬೇಕು. ನೀರು ಒಂದು ಲೀಟರಿಗೆ ಒಂದು ಕಿಲೋ, ಅದರ ಜೊತೆ ಚೌಕಾಸಿ ನಡೆಯುವುದಿಲ್ಲ.

ಹಾಗಾಗಿ ಪ್ರತಿ ರೀಪರೂ ಪ್ರತಿ ಸ್ಕ್ರೂ ಪೊಟ್ಟಣವೂ ತಕ್ಕಡಿ ಹತ್ತಿಯೇ ಒಳಗೆ ಬಂದವು. ಗೋಡೆಗೆ ದಪ್ಪ ಮರ ಹಾಕುವ ಮಾತಿರಲಿಲ್ಲ. ಸಣ್ಣ ಪೈನ್ ರೀಪರಿನ ಚೌಕಟ್ಟು, ಹೊರಗೆ ಒಳಗೆ 5 ಮಿ.ಮೀ. ಪ್ಲೈವುಡ್, ನಡುವೆ ಗುಲಾಬಿ ಬಣ್ಣದ ಗಟ್ಟಿ ಫೋಮ್ ಹಲಗೆ. ಫೋಮ್ ನಮ್ಮ ಥರ್ಮೋಕೋಲಿನ ಅಣ್ಣ. ಎಂಟಡಿ ಉದ್ದದ ಹಲಗೆಯನ್ನು ಮೊಮ್ಮಗಳು ಒಂದೇ ಕೈಯಲ್ಲಿ ಎತ್ತುತ್ತಿದ್ದಳು. ಚಳಿಯನ್ನೂ ಅದೇ ತಡೆಯುತ್ತದೆ. ಮರದ ಅಂಗಡಿಯಲ್ಲಿ ಒಂದು ಸೋಜಿಗ. ಅಲ್ಲಿ 'ಎರಡಕ್ಕೆ ನಾಲ್ಕು' ಅಂಗುಲ ಎಂದು ಮಾರುವ ಮರವನ್ನು ಅಳೆದರೆ ಒಂದೂವರೆಗೆ ಮೂರೂವರೆ! ಎಲ್ಲರಿಗೂ ಗೊತ್ತಿದ್ದೇ ನಡೆಯುವ ವ್ಯವಹಾರವಂತೆ. ನಾವು ಲೆಡ್ಜರಿನಲ್ಲಿ ಹಾಗೆ ಬರೆದಿದ್ದರೆ ಸಂಜೆಯೊಳಗೆ ಸಸ್ಪೆಂಡ್.

ಮಳೆ ಒಳಗೆ ಬಾರದಂತೆ ಹೊರಗೋಡೆಗೆ ಫೈಬರ್ ಗ್ಲಾಸ್ ಹಾಕಲು ದುಡ್ಡೂ ಹೆಚ್ಚು, ವಾಸನೆಯೂ ಹೆಚ್ಚು. ಅಳಿಯಂದಿರು ಬಡವರ ಉಪಾಯ ಹೇಳಿದರು. ಬಣ್ಣ ಹೊಡೆಯುವವರು ನೆಲಕ್ಕೆ ಹಾಸುವ ದಪ್ಪ ಹತ್ತಿ ಬಟ್ಟೆಯನ್ನು, ನೀರಿಗೆ ಬಿಡದ ಮರದ ಅಂಟಿನಲ್ಲಿ ಮೆತ್ತಿ, ಒಣಗಿದ ಮೇಲೆ ಹೊರಗೋಡೆಯ ಬಣ್ಣವನ್ನು ಮೂರು ಕೋಟು ಕುಡಿಸುವುದು. ಇದು ನನಗೆ ಹೊಸದಾಗಿ ಕಾಣಲಿಲ್ಲ. ನಮ್ಮ ಶಾಖೆಯಲ್ಲಿ ಹರಿದ ಲೆಡ್ಜರಿನ ಬೆನ್ನಿಗೆ ಜವಾನ ಮೈದಾ ಅಂಟಿನಲ್ಲಿ ಕೋರಾ ಬಟ್ಟೆ ಮೆತ್ತುತ್ತಿದ್ದ. ಆ ಲೆಡ್ಜರುಗಳು ಮೂವತ್ತು ವರ್ಷ ಬದುಕಿದವು. ಸುಕ್ಕಾಗದಂತೆ ನಡುವಿನಿಂದ ಅಂಚಿಗೆ ಅಂಗೈಯಲ್ಲಿ ನೀವಬೇಕು, ಮೂಲೆಯಲ್ಲಿ ಕತ್ತರಿ ಹಾಕಿ ಮಡಿಸಬೇಕು. ಆ ಎರಡು ವಾರಾಂತ್ಯ ನಾನೇ ಮೇಸ್ತ್ರಿ.

ಎಲ್ಲಕ್ಕಿಂತ ಕಷ್ಟವಾದದ್ದು ಸೂರು ಎತ್ತುವ ಏರ್ಪಾಡು. ಸೂರಿನ ಮುಂದೆ ಒಂದು, ಹಿಂದೆ ಒಂದು ಹಲಗೆ. ಪ್ರತಿ ಹಲಗೆಯೂ ಎರಡು ತುಂಡು. ನಡುವೆ ಉದ್ದಕ್ಕೂ ಕೀಲು, ಮೇಲೆ ಸೂರಿಗೆ ಕೀಲು, ಕೆಳಗೆ ಗೋಡೆಗೆ ಕೀಲು. ಸೂರು ಕೆಳಗಿದ್ದಾಗ ಹಲಗೆ ಪುಸ್ತಕದ ಹಾಗೆ ಮಡಿಚಿ ಒಳಗೆ ಮಲಗಿರುತ್ತದೆ. ಒಳಗೆ ನಿಂತು ಸೂರನ್ನು ಹೆಗಲು ಕೊಟ್ಟು ತಳ್ಳಿದರೆ ಮಡಿಕೆ ಬಿಚ್ಚಿ ನೆಟ್ಟಗಾಗುತ್ತದೆ. ನೆಟ್ಟಗಾದ ಮೇಲೆ ಕೂದಲೆಳೆಯಷ್ಟು ಆಚೆಗೆ ತಳ್ಳಿ ಚಿಲಕ ಹಾಕಿದರೆ ಎಷ್ಟು ಭಾರ ಕೂತರೂ ಮಡಿಚುವುದಿಲ್ಲ. ಮೊದಲು ಹಿಂದಿನದು, ಆಮೇಲೆ ಮುಂದಿನದು. ಒಂದು ಸಲಕ್ಕೆ ಅರ್ಧ ಭಾರವಷ್ಟೇ.

ಹೆಂಡತಿ ಕುರ್ಚಿಯ ಮೇಲೆ ಕೂತು ಬೀನ್ಸ್ ಸೋಸುತ್ತಾ ನೋಡುತ್ತಿದ್ದವಳು, "ಇದು ಮೊಣಕಾಲಲ್ವಾ?" ಎಂದಳು. ನಿಜ. ನೆಟ್ಟಗೆ ನಿಂತ ಕಾಲು ಮೈಭಾರವನ್ನೆಲ್ಲ ಹೊರುತ್ತದೆ, ಸ್ವಲ್ಪ ಬಾಗಿದರೂ ಮಾಂಸಖಂಡ ತಿಣುಕಬೇಕು. "ನನ್ನ ಫಿಸಿಯೋಥೆರಪಿ ಹುಡುಗಿ ಇದನ್ನೇ ಹೇಳ್ತಿದ್ಲು. ಕೀಲಿನ ಮೇಲೆ ಭಾರ ಬಿಡಬೇಡಿ, ಮೂಳೆ ಮೇಲೆ ಬಿಡಿ ಅಂತ." ಅಂದಿನಿಂದ ಆ ಹಲಗೆಗಳಿಗೆ ನಮ್ಮ ಮನೆಯಲ್ಲಿ ಮೊಣಕಾಲು ಎಂದೇ ಹೆಸರು.

ತೊಟ್ಟಿಗೆ ಹತ್ತುವುದೂ ಅವಳಿಗೆ ಸಲೀಸಲ್ಲ, ನೆಲದಿಂದ ಸುಮಾರು ಮೂರಡಿ. ಅಗಲವಾದ ಮೂರು ಮೆಟ್ಟಿಲು, ಎರಡೂ ಕಡೆ ಕೈಹಿಡಿ ಮಾಡಿದೆವು. ಮಂಚ 45 ಸೆಂ.ಮೀ. ಎತ್ತರ, ಕುರ್ಚಿಯಷ್ಟೇ. ನೀರಿನ ಕ್ಯಾನು ಎಲ್ಲಿಡಬೇಕೆಂಬ ಚರ್ಚೆಗೆ ನನ್ನ ಬಾಲ್ಯ ಉತ್ತರ ಹೇಳಿತು. ಅರಸೀಕೆರೆ ಕಡೆ ನಮ್ಮ ಹಳ್ಳಿಯಿಂದ ಜಾತ್ರೆಗೆ ಕಮಾನು ಕಟ್ಟಿದ ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದೆವು. ಹುಲ್ಲು ಹಾಸಿ, ಜಮಖಾನ ಹಾಸಿ, ರಾತ್ರಿ ಅದರಲ್ಲೇ ನಿದ್ದೆ. ಅದೂ ಕ್ಯಾಂಪರ್ರೇ ಅಲ್ಲವೆ? ಭಾರ ಹಿಂದಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂದಾದರೆ ನೊಗ ಹೆಗಲು ಒತ್ತುತ್ತದೆ ಎಂದು ನಮ್ಮಪ್ಪ ಮೂಟೆಗಳನ್ನು ಗೇಣು ಗೇಣು ಸರಿಸುತ್ತಿದ್ದರು. ಟ್ರಕ್ಕಿಗೂ ಭಾರ ಹಿಂದಿನ ಅಚ್ಚಿಗಿಂತ ಮುಂದೆ ಬೀಳಬೇಕು; ಇಲ್ಲವಾದರೆ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ. ನೀರು ಮುಂಗೋಡೆಯ ಪಕ್ಕಕ್ಕೆ ಹೋಯಿತು.

ಗಾಡಿಯ ಕತೆ ಕೇಳಿದ ಮೊಮ್ಮಗಳು ಟ್ರಕ್ಕಿಗೂ ಹೆಸರಿಡಬೇಕೆಂದಳು. ಅಮೆರಿಕದ ಲೇಖಕ ಜಾನ್ ಸ್ಟೈನ್‌ಬೆಕ್ 1960ರಲ್ಲಿ ಪಿಕಪ್ಪಿನ ಮೇಲೆ ಇಂಥದೇ ಮನೆ ಕೂರಿಸಿಕೊಂಡು, ಚಾರ್ಲಿ ಎಂಬ ನಾಯಿಯನ್ನು ಜೊತೆಗೆ ಕರೆದುಕೊಂಡು ದೇಶ ಸುತ್ತಿದ. ತನ್ನ ಟ್ರಕ್ಕಿಗೆ ಡಾನ್ ಕ್ವಿಕ್ಸೋಟನ ಕುದುರೆಯ ಹೆಸರು, ರೋಸಿನಾಂಟೆ, ಎಂದಿಟ್ಟಿದ್ದ. "ನಿಮ್ಮ ಎತ್ತಿನ ಹೆಸರೇನಿತ್ತು ತಾತ?" ಎಂದಳು. ಬಲಗಡೆಯದು ಬಸವ. ಮೂರೇ ಅಕ್ಷರ, ಒತ್ತಿಲ್ಲ ದೀರ್ಘವಿಲ್ಲ. ನಾನು ಕಾಗದದ ಮೇಲೆ ಬರೆದುಕೊಟ್ಟೆ. ಅವಳು ಹತ್ತು ಸಲ ತಿದ್ದಿ, ಹಿಂಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ಬರೆದಳು. ಅದು ಅವಳು ಬರೆದ ಮೊದಲ ಕನ್ನಡ ಪದ.

ಎಲ್ಲ ಮುಗಿದಾಗ ನನ್ನ ಪುಸ್ತಕ ಹೀಗಿತ್ತು: ತಳ 38, ಗೋಡೆಗಳು 76, ಸೂರು 14, ಮೊಣಕಾಲುಗಳು 22, ಡೇರೆ ಬಟ್ಟೆ 9, ಬಾಗಿಲು ಕಿಟಕಿ 21, ಮಂಚ ಹಾಸಿಗೆ 37, ಕಬ್ಬಿಣ ಅಂಟು ಬಣ್ಣ 28. ಒಟ್ಟು 245. ನೀರು 40, ಉಳಿದ ಸಾಮಾನು 70. ಇನ್ನೂ 30 ಕೆ.ಜಿ. ಮಿಕ್ಕುತ್ತದೆ.

ಪುಸ್ತಕದ ಲೆಕ್ಕ ಒಂದು, ಪೆಟ್ಟಿಗೆಯ ನಗದು ಇನ್ನೊಂದು. ಎರಡೂ ಕೂಡಿದರೆ ಮಾತ್ರ ಮನೆಗೆ ಹೋಗಬಹುದು. ಹೆದ್ದಾರಿಯ ಲಾರಿ ನಿಲ್ದಾಣಗಳಲ್ಲಿ ವಾಹನವನ್ನೇ ತೂಗುವ ಸರ್ಕಾರಿ ಮಾನ್ಯತೆಯ ತಕ್ಕಡಿ ಇರುತ್ತದೆ. ಕ್ಯಾಂಪರ್ ಏರಿಸುವ ಮೊದಲು ಒಮ್ಮೆ, ಏರಿಸಿದ ಮೇಲೆ ಒಮ್ಮೆ, ಎರಡು ಸಲವೂ ಟ್ಯಾಂಕ್ ತುಂಬಿಸಿ, ಅಳಿಯಂದಿರು ಒಬ್ಬರೇ ಕೂತು ತೂಗಿಸಿದರು. ವ್ಯತ್ಯಾಸ 600 ಪೌಂಡ್. ಅಂದರೆ 272 ಕೆ.ಜಿ.

ಪುಸ್ತಕಕ್ಕಿಂತ 27 ಹೆಚ್ಚು! ಮಿಕ್ಕ 30ರಲ್ಲಿ ಉಳಿದದ್ದು ಮೂರೇ ಮೂರು ಕಿಲೋ. ಅಳಿಯಂದಿರು, "ಆ ತಕ್ಕಡಿ 20 ಪೌಂಡಿನ ಲೆಕ್ಕದಲ್ಲೇ ತೋರಿಸೋದು ಮಾವ, ಸ್ವಲ್ಪ ಆಚೀಚೆ ಇರುತ್ತೆ" ಎಂದರು. ಇರಬಹುದು. ಆದರೆ 27 ಕಂಡ ಕೂಡಲೇ ನನಗೆ ಹಳೆಯ ತುರಿಕೆ ಶುರುವಾಯಿತು.

ಮಕ್ಕಳೇ, ಇದನ್ನು ನೀವು ನೆನಪಿಟ್ಟುಕೊಳ್ಳಬಹುದು. ಕಂಪ್ಯೂಟರ್ ಬರುವ ಮುಂಚೆ ದಿನದ ಲೆಕ್ಕ ಕೂಡದಿದ್ದರೆ ನಾವು ಮೊದಲು ವ್ಯತ್ಯಾಸವನ್ನು 9ರಿಂದ ಭಾಗಿಸುತ್ತಿದ್ದೆವು. ಶೇಷವಿಲ್ಲದೆ ಹೋದರೆ ಯಾರೋ ಅಂಕಿಗಳನ್ನು ತಿರುಗಾಮುರುಗಾ ಬರೆದಿದ್ದಾರೆಂದು ಅನುಮಾನ. 73 ಮತ್ತು 37ರ ವ್ಯತ್ಯಾಸ 36. 52 ಮತ್ತು 25ರದು 27. ನಿಮಗೆ ಬೇಕಾದ ಎರಡಂಕಿ ಸಂಖ್ಯೆ ಹಿಡಿದು ನೋಡಿ, ಯಾವಾಗಲೂ 9ರ ಮಗ್ಗಿಯೇ. ಮೊಮ್ಮಗಳಿಗೆ ಇದನ್ನು ಹೇಳಿ ಪುಸ್ತಕ ಕೊಟ್ಟೆ. 27 ಬರಬೇಕಾದರೆ ಎರಡು ಅಂಕಿಗಳ ನಡುವೆ ಮೂರರ ಅಂತರ ಇರಬೇಕು. ಅವಳು ಬೆರಳಿಟ್ಟು ಸಾಲು ಸಾಲು ಇಳಿದಳು. "ತಾತ, ಸೂರು 14. ಅಷ್ಟು ದೊಡ್ಡ ಸೂರು ಮೊಣಕಾಲಿಗಿಂತ ಹಗುರ ಹೇಗಾಗುತ್ತೆ?" ಅವಳು ಶಾಲೆಗೆ ಹೋಗಿದ್ದ ದಿನ ಅವಳಪ್ಪ ಸೂರಿನ ಎರಡು ತುದಿಗೆ ಎರಡು ತಕ್ಕಡಿ ಇಟ್ಟು ತೂಗಿ ತಾವೇ ಬರೆದ ಸಾಲು ಅದು. ಮತ್ತೆ ತೂಗಿದರು. 41. ಅಪ್ಪನ ತಪ್ಪು ಹಿಡಿದ ಸಂತೋಷಕ್ಕೆ ಹುಡುಗಿ ಗ್ಯಾರೇಜಿನ ತುಂಬ ಕುಣಿದಳು.

ಲೆಕ್ಕ ಕೂಡಿತು, ಆದರೆ ತೂಕ ಇಳಿಯಲಿಲ್ಲವಲ್ಲ. ಬೆಟ್ಟದ ದಾರಿಯಲ್ಲಿ ಮೂರು ಕಿಲೋ ಅಂತರ ನನಗೆ ಸಾಲದು. ನೀರನ್ನು 20 ಲೀಟರಿಗೆ ಇಳಿಸಿದೆವು, ಹೋಗುವ ಜಾಗದಲ್ಲಿ ನಲ್ಲಿ ಇತ್ತು. 9 ಕಿಲೋದ ಕಬ್ಬಿಣದ ಮೇಜು ಮನೆಯಲ್ಲೇ ಉಳಿಯಿತು. ದೋಸೆ ಕಾವಲಿ ಬಿಡಿ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಜೂನ್ ಮೊದಲ ವಾರ ಹೊರಟೆವು. ಡೆನ್ವರ್ ಊರಿನ ಹೊರವಲಯದಿಂದ ಸುಮಾರು 380 ಕಿ.ಮೀ. ದೂರದ ಗ್ರೇಟ್ ಸ್ಯಾಂಡ್ ಡ್ಯೂನ್ಸ್ ರಾಷ್ಟ್ರೀಯ ಉದ್ಯಾನಕ್ಕೆ. ಪೆಟ್ಟಿಗೆಯ ನಾಲ್ಕು ಮೂಲೆಯನ್ನೂ ತೊಟ್ಟಿಯ ಕೊಂಡಿಗಳಿಗೆ ತಿರುಪಿನ ಕಂಬಿಯಿಂದ ಬಿಗಿದಿದ್ದೆವು, 50 ಕಿ.ಮೀ. ಆದ ಮೇಲೆ ನಿಲ್ಲಿಸಿ ಮತ್ತೆ ಬಿಗಿದೆವು. ಓಡುವಾಗ ಪೆಟ್ಟಿಗೆಯೊಳಗೆ ಯಾರೂ ಕೂರುವಂತಿಲ್ಲ, ಐವರೂ ಕ್ಯಾಬಿನ್ನಿನಲ್ಲಿ ಬೆಲ್ಟ್ ಹಾಕಿ. ಸುಮಾರು 3,000 ಮೀಟರ್ ಎತ್ತರದ ಕೆನೋಶಾ ಕಣಿವೆದಾರಿಯನ್ನು ಬಸವ ಉಸಿರು ಬಿಡುತ್ತ ಹತ್ತಿದ. (ಇದನ್ನು ಓದಿ ನಿಮ್ಮಪ್ಪನ ಪಿಕಪ್ಪಿಗೆ ಸೂರು ಹೊಡೆಯಲು ಹೋಗಬೇಡಿ. ನೋಂದಣಿಯಲ್ಲಿರುವ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವುದಕ್ಕೆ ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ತಡೆಯಿದೆ.)

ಹಿಮದ ಬೆಟ್ಟಗಳ ಬುಡದಲ್ಲಿ ಮರಳಿನ ಬೆಟ್ಟಗಳು. ಉತ್ತರ ಅಮೆರಿಕದಲ್ಲೇ ಅತಿ ಎತ್ತರದವು, ಇನ್ನೂರು ಮೀಟರಿಗೂ ಮಿಕ್ಕಿ. ಸಂಜೆ ಅಳಿಯಂದಿರು ಸೂರಿಗೆ ಹೆಗಲು ಕೊಟ್ಟರು, ನಾನು ಚಿಲಕ ಹಾಕಿದೆ. ಒಲೆ ಹೊರಗೆ. ಮುಚ್ಚಿದ ಪೆಟ್ಟಿಗೆಯೊಳಗೆ ಗ್ಯಾಸ್ ಉರಿಸಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಅದಕ್ಕಾಗಿ ಕೂಗುವ ಯಂತ್ರವೊಂದನ್ನೂ ಒಳಗೆ ಹಾಕಿದ್ದೆವು, ರಾತ್ರಿ ಕಿಟಕಿ ಎರಡು ಬೆರಳು ತೆರೆದೇ ಇತ್ತು. ಅಜ್ಜಿ ಮೊಮ್ಮಗಳಿಗೆ ಪೆಟ್ಟಿಗೆ. ಕಟ್ಟಿದವರಿಬ್ಬರು ಮತ್ತು ಮಗಳು ಡೇರೆಯಲ್ಲಿ.

ರಾತ್ರಿ ಹತ್ತರ ಸುಮಾರಿಗೆ ಗಾಳಿ ಎದ್ದಿತು. ಆ ಕಣಿವೆಯ ಗಾಳಿಯೇ ಅಷ್ಟು ದೊಡ್ಡ ಮರಳುಗುಡ್ಡ ಪೇರಿಸಿರುವುದು ಎಂದ ಮೇಲೆ ಕೇಳಬೇಕೆ? ಡೇರೆ ಬಟ್ಟೆ ಪಟಪಟ ಹೊಡೆದುಕೊಳ್ಳತೊಡಗಿತು. ಸೂರು ಇಳಿಸಲೇಬೇಕು. ನಾನು, ಅಳಿಯಂದಿರು ಓಡಿಹೋದೆವು. ನಾವು ಬಾಗಿಲು ತಟ್ಟುವಷ್ಟರಲ್ಲಿ ಒಳಗೆ ಮೊಮ್ಮಗಳು ಮುಂದಿನ ಚಿಲಕ ತೆಗೆದಾಗಿತ್ತು. ಅಜ್ಜಿ ಮಂಚದ ಮೇಲೆ ಕೂತೇ ಎರಡು ಕೈಯಲ್ಲಿ ಸೂರಿಗೆ ಆಸರೆ ಕೊಟ್ಟು, "ಮೊಣಕಾಲು ಒಳಗೆ ಎಳಿ ಪುಟ್ಟಿ, ನಿಧಾನ, ನಿಧಾನ ಕಣೇ" ಎನ್ನುತ್ತಿದ್ದಳು. ಅಳಿಯಂದಿರು ಒಳಗೆ ನುಗ್ಗಿ ಹಿಂದಿನದನ್ನು ಹಿಡಿದರು. ಸೂರು ಕೂತಿತು. ನಮ್ಮ ಡೇರೆ ಮಾತ್ರ ಆ ರಾತ್ರಿ ನಿಲ್ಲಲಿಲ್ಲ. ನಾವು ಮೂವರೂ ಕ್ಯಾಬಿನ್ನಿನಲ್ಲಿ ಕೂತೇ ಬೆಳಗು ಮಾಡಿದೆವು. ಪೆಟ್ಟಿಗೆಯೊಳಗಿಂದ ಅಜ್ಜಿಯ ಗೊರಕೆ ಕೇಳುತ್ತಿತ್ತು.

ಬೆಳಿಗ್ಗೆ ಗಾಳಿ ಸತ್ತಿತ್ತು. ಸೂರು ಎತ್ತಿದೆವು. ಬಾಗಿಲು ಮುಚ್ಚಿತು. ಹತ್ತು ನಿಮಿಷದ ಮೇಲೆ ಹಸಿರು ಅಂಚಿನ ಇಳಕಲ್ ಸೀರೆಯುಟ್ಟು, ನೆರಿಗೆ ಒಂದಿಷ್ಟೂ ಓರೆಯಾಗದಂತೆ, ಕೈಹಿಡಿ ಹಿಡಿದು ಮೂರು ಮೆಟ್ಟಿಲು ಇಳಿದು ಬಂದಳು. ಮರಳುಗುಡ್ಡದ ಬುಡದಲ್ಲಿ ಮೆಡಾನೋ ಎಂಬ ತೊರೆ ಇದೆ. ಹಿಮ ಕರಗುವ ದಿನಗಳಲ್ಲಿ ಪಾದ ಮುಳುಗುವಷ್ಟೇ ನೀರು. ಆದರೆ ಅದರಲ್ಲಿ ಸಮುದ್ರದ ಹಾಗೆ ಅಲೆ ಬರುತ್ತದೆ! ನೀರಿನಡಿಯ ಮರಳು ಸಣ್ಣ ಸಣ್ಣ ಒಡ್ಡು ಕಟ್ಟಿ ನೀರು ತಡೆಯುತ್ತದೆ, ಒಡ್ಡು ಒಡೆದಾಗ ತಡೆದದ್ದೆಲ್ಲ ಒಮ್ಮೆಗೇ ನುಗ್ಗುತ್ತದೆ. ಅವಳು ನೆರಿಗೆ ಎತ್ತಿ ಹಿಡಿದು, ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟು ನೀರಿಗಿಳಿದಳು. ಅಲೆ ಬಂದಾಗಲೆಲ್ಲ ಇಬ್ಬರೂ ಕಿರುಚುತ್ತಿದ್ದರು. ನಾನು ದಡದಲ್ಲಿ ನಿಂತು ಅವರ ಚಪ್ಪಲಿ ಕಾಯ್ದೆ.

ವಾಪಸು ಬಂದು ಕಾಫಿ ಕುಡಿಯುವಾಗ ಹೆಂಡತಿ ಪೆಟ್ಟಿಗೆಯೊಳಗೆ ಕಣ್ಣಾಡಿಸಿ, "ರೀ, ಎಲ್ಲಾ ಸರಿ. ಬಾಗಿಲ ಹಿಂದೆ ಒಂದು ಕನ್ನಡಿ ಬೇಕಿತ್ತು. ಮುಂದಿನ ಸಲಕ್ಕೆ ಹಾಕ್ಸಿ" ಎಂದಳು. ಮೊಮ್ಮಗಳು ಆಗಲೇ ನೋಟ್‌ಪುಸ್ತಕ ತೆರೆದಿದ್ದಳು.

"ಎಷ್ಟು ಕೆ.ಜಿ. ಕನ್ನಡಿ, ಅಜ್ಜಿ?"